ದೂಳಿಲ್ಲದ ಕಟರ್ ಹುಡುಕಿದ ಹೊಳೆಯಪ್ಪ

ಸಂಶಿ ಊರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕುಬೇರಪ್ಪನವರ ಹೊಸ ಮನೆಯ ಪಡಸಾಲೆಯಲ್ಲಿ ಹೊಳೆಯಪ್ಪ ಮೊಣಕಾಲೂರಿ ಕೂತಿದ್ದಾರೆ. ಎದುರಿಗೆ ಕಬ್ಬಿಣದ ಉದ್ದನೆಯ ಕೈ ಕಟರ್. ಅದರ ಮೇಲೆ ಟೈಲ್ಸು ಇಟ್ಟು, ಹಿಡಿಕೆ ಹಿಡಿದು, ಪುಟ್ಟ ಗಾಲಿಯನ್ನು ಒಂದೇ ಸಲ ಮುಂದೆ ನೂಕುತ್ತಾರೆ. ತೆಳ್ಳಗೆ ಗೀರು ಬೀಳುತ್ತದೆ. ಹಿಡಿಕೆ ಅದುಮಿದರೆ ಟೈಲ್ಸು ಟಕ್ಕೆಂದು ಎರಡಾಗುತ್ತದೆ. ದೂಳಿಲ್ಲ, ಗದ್ದಲವಿಲ್ಲ. ಕೆಮ್ಮು ಮಾತ್ರ ಇದೆ, ಅದು ಹೊಳೆಯಪ್ಪನವರದು.

ಅವರಿಗೆ ಅವಸರ. ಎಂಟಕ್ಕೆಲ್ಲ ಅಣ್ಣನ ಮಗ ಕೃಷ್ಣಾ ಬಂದು ಕರೆಂಟಿನ ಮಷಿನ್ ಹಚ್ಚುತ್ತಾನೆ. ಅಷ್ಟರೊಳಗೆ ಕೈಯಿಂದ ಎಷ್ಟು ಕತ್ತರಿಸಿಟ್ಟರೆ ಅಷ್ಟು ದೂಳು ಆ ಹುಡುಗನ ಎದೆಗೆ ಇಳಿಯುವುದು ತಪ್ಪುತ್ತದೆ ಎಂಬುದು ಅವರ ಲೆಕ್ಕಾಚಾರ. ಅದಕ್ಕೆಂದೇ ನಸುಕಿನಲ್ಲಿ ಎದ್ದು, ಬೈಕಿಗೆ ಕಟರ್ ಕಟ್ಟಿಕೊಂಡು ತಮ್ಮೂರು ಯರಗುಪ್ಪಿಯಿಂದ ಬರುತ್ತಾರೆ. ಹುಡುಗ ಅಂದೆನಾದರೂ ಕೃಷ್ಣಾನಿಗೆ ಮೂವತ್ತು ದಾಟಿದೆ, ಇಬ್ಬರು ಮಕ್ಕಳಿದ್ದಾರೆ. ಕಾಕಾನ ಕಣ್ಣಿಗೆ ಮಾತ್ರ ಇನ್ನೂ ಹುಡುಗ.

ಕುರಿ ಕಾಯುವ ಮನೆತನದ ಹೊಳೆಯಪ್ಪ ಟೈಲ್ಸ್ ಕೆಲಸಕ್ಕೆ ಬಂದದ್ದು ಅಣ್ಣ ಭೀಮಶಿಯ ಬೆನ್ನು ಹತ್ತಿ. ಅಣ್ಣ ಮಷಿನ್ ಹಿಡಿದರೆ ತಮ್ಮ ಸಿಮೆಂಟು ಕಲಸಿ ಟೈಲ್ಸು ಕೂರಿಸುತ್ತಿದ್ದರು. ಬಾಯಿಗೊಂದು ಟವೆಲ್ ಸುತ್ತಿಕೊಂಡರೆ ಮುಗಿಯಿತು ಎಂದು ಇಬ್ಬರೂ ನಂಬಿದ್ದರು. ಭೀಮಶಿಗೆ ಕೆಮ್ಮು ಹತ್ತಿದಾಗ ಟಿಬಿ ಎಂದುಕೊಂಡು ತಿಂಗಳುಗಟ್ಟಲೆ ಗುಳಿಗೆ ನುಂಗಿದ್ದಾಯಿತು. ಎದೆಯೊಳಗೆ ಕೂತದ್ದು ಕಲ್ಲಿನ ದೂಳು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳುವ ಹೊತ್ತಿಗೆ ಆತ ಮೂರು ಮೆಟ್ಟಿಲು ಹತ್ತಲಾರದಷ್ಟು ಸೋತಿದ್ದ. ಆತ ತೀರಿಕೊಂಡು ಈಗ ಮೂರು ವರ್ಷ.

ಅದೇ ಡಾಕ್ಟರು ಹೊಳೆಯಪ್ಪನವರ ಎದೆಯ ಫೋಟೊವನ್ನೂ ತೆಗೆಸಿದರು. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ಹೊಸದು ಸೇರದಂತೆ ನೋಡಿಕೊಳ್ಳಿ ಎಂದರು. ಹೆಂಡತಿ ಮೈಲಾರವ್ವ ಅಂದೇ ಮನೆಯಲ್ಲಿದ್ದ ಮಷಿನ್ ಮಾರಿಸಿದರು. ಕೃಷ್ಣಾ ತನ್ನದನ್ನು ಮಾರಲಿಲ್ಲ. ಅಪ್ಪ ಸತ್ತದ್ದು ಬೀಡಿಯಿಂದ ಎಂದು ಅವನ ವಾದ. ಬೀಡಿ ಸೇದದ ಕಾಕಾ ಯಾಕೆ ಕೆಮ್ಮುತ್ತಾನೆ ಎಂದು ಕೇಳಿದರೆ ಎದ್ದು ಹೊರಗೆ ಹೋಗುತ್ತಾನೆ.

ಕೈ ಕಟರ್ ಆರಿಸುವುದರಲ್ಲೂ ಹೊಳೆಯಪ್ಪ ಎಡವಿದರು. ಮೊದಲು ತಂದದ್ದು ಹಗುರ, ಬೈಕಿಗೆ ಕಟ್ಟಲು ಸಲೀಸು. ಅಂಗಡಿಯವನು ಗೋಡೆಗೆ ಹಚ್ಚುವ ಮೆತ್ತನೆಯ ಟೈಲ್ಸು ಮುರಿದು ತೋರಿಸಿದ, ಇವರು ಒಪ್ಪಿಬಿಟ್ಟರು. ನೆಲಕ್ಕೆ ಹಾಸುವ ಗಟ್ಟಿ ಟೈಲ್ಸಿನ ಮೇಲೆ ಅದರ ಗಾಲಿ ಜಾರಿತು, ಸರಳು ಬಾಗಿತು, ಒಡೆದ ಚೂರುಗಳ ರಾಶಿಯೇ ಬಿತ್ತು. ಕೆಲಸ ಕೊಟ್ಟವರು ನಡುವೆಯೇ ಬಿಡಿಸಿ ಕಳಿಸಿದರು. ಕೃಷ್ಣಾ ನಕ್ಕ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವಂತೆ, ಎರಡನೆಯ ಸಲ ಕಟರ್ ಕೊಳ್ಳಲು ದಾವೂದಸಾಬರ ಅಂಗಡಿಗೆ ಹೋದಾಗ ಕೆಲಸದಲ್ಲಿದ್ದ ಗಟ್ಟಿ ಟೈಲ್ಸನ್ನೇ ಚೀಲದಲ್ಲಿ ಒಯ್ದರು. ಗಾಲಿ ಅಲ್ಲಾಡುತ್ತದೆಯೇ ಎಂದು ಬೆರಳಿಟ್ಟು ನೋಡಿ, ಜೋಡಿ ಸರಳಿನ ಭಾರದ ಕಟರ್ ಆರಿಸಿಕೊಂಡರು. ಈಗ ದಿನಕ್ಕೆ ನೂರು ಚದರಡಿ ಹಾಸುತ್ತಾರೆ. ಮಷಿನ್ ಇದ್ದಾಗ ಇದರ ಎರಡು ಪಟ್ಟು ಆಗುತ್ತಿತ್ತು.

ಆದರೆ ಈ ಕಟರ್ ಕೊಯ್ಯುವುದಿಲ್ಲ, ಮುರಿಯುತ್ತದೆ. ಎರಡು ಬೆರಳಗಲದ ಪಟ್ಟಿ ಇದರಲ್ಲಿ ಬರುವುದಿಲ್ಲ. ಈ ಕಡೆ ದೇವರ ಜಗಲಿಯ ಮುಂದೆ ತುಂಡು ಟೈಲ್ಸು ಹಾಕುವ ಪದ್ಧತಿಯೂ ಇಲ್ಲ. ಅಲ್ಲಿಂದ ಇಡಿಯ ಟೈಲ್ಸು ಹಾಸುತ್ತ ಬಂದರೆ ಕುಬೇರಪ್ಪನವರ ಪಡಸಾಲೆಯಲ್ಲಿ ತಲೆಬಾಗಿಲ ಹತ್ತಿರ ಉಳಿಯುವುದು ಸರಿಯಾಗಿ ಎರಡು ಬೆರಳು. ಎರಡೂ ಬದಿಗೆ ಅರ್ಧರ್ಧ ತುಂಡು ಬರುವಂತೆ ಸಾಲು ಸರಿಸೋಣವೇ ಎಂದು ಹೊಳೆಯಪ್ಪ ನಿನ್ನೆ ಕೇಳಿನೋಡಿದರು. ಕುಬೇರಪ್ಪನವರ ತಾಯಿ ನೀಲಕ್ಕ ಒಪ್ಪಲಿಲ್ಲ.

“ಜಗಲಿ ಮುಂದ ತುಂಡು ಬೀಳಬಾರದಪಾ. ನಿಮ್ಮ ಮನ್ಯಾಗ ಹಾಕತೀಯೇನು?”

ಹಾಕುವುದಿಲ್ಲ. ಹೊಳೆಯಪ್ಪ ಜಗಲಿಯ ಕಡೆಯಿಂದಲೇ ಇಡಿಯ ಟೈಲ್ಸು ಹಾಸತೊಡಗಿದರು.

ಕೃಷ್ಣಾ ಬರುವ ಮುನ್ನ ಆ ಪಟ್ಟಿಯನ್ನು ಹೇಗಾದರೂ ಮುರಿಯಬೇಕೆಂದು ಇಂದು ನೋಡುತ್ತಿದ್ದಾರೆ. ಮೊದಲನೆಯದು ಚೂರಾಯಿತು. ಎರಡನೆಯದೂ ಅಷ್ಟೆ. ಮೂರನೆಯದಕ್ಕೆ ಕೈ ಹಾಕುವಾಗ ಕೃಷ್ಣಾ ಬಾಗಿಲಲ್ಲಿ ನಿಂತಿದ್ದಾನೆ. ಅಷ್ಟರಲ್ಲಿ ಬಂದ ಕುಬೇರಪ್ಪ ಚೂರುಗಳನ್ನು ನೋಡುತ್ತಾರೆ, ಕೃಷ್ಣಾನ ಮುಖ ನೋಡುತ್ತಾರೆ.

“ಬಿಡು ಕಾಕಾ, ನೀ ಹೊರಗ ಹೋಗು. ನಿನಗ ಇದು ಆಗಿ ಬರಂಗಿಲ್ಲ” ಎಂದು ಕೃಷ್ಣಾ ಟವೆಲ್ ಬಿಗಿಯುತ್ತಾನೆ.

ಮಷಿನ್ ಚೀರತೊಡಗುತ್ತದೆ. ಅಂಗಳದ ಉಸುಕಿನ ಗುಡ್ಡೆಯ ಮೇಲೆ ಹೊಳೆಯಪ್ಪ ಬಾಗಿಲಿಗೆ ಮುಖ ಮಾಡಿಯೇ ಕೂತಿದ್ದಾರೆ. ಒಳಗೆ ಬಿಳಿಯ ದೂಳಿನಲ್ಲಿ ಕೃಷ್ಣಾನ ಕೂದಲು, ಹುಬ್ಬು ಎಲ್ಲ ಬೆಳ್ಳಗಾಗಿ, ಅವನು ಕಾಕಾನಿಗಿಂತ ಮುದುಕನಂತೆ ಕಾಣುತ್ತಾನೆ. ನೋಡಲು ಸಂಕಟವಾಗುತ್ತದೆ. ಅವರು ನೋಡುತ್ತಲೇ ಇರುತ್ತಾರೆ.

“ನಮ್ಮಣ್ಣ ಕಡೀ ದಿನಾ ನನ್ನ ಕೈ ಹಿಡಕೊಂಡು ಏನೋ ಹೇಳಾಕ ಬಂದಾ. ಉಸಿರು ಸಾಲಲಿಲ್ರಿ. ಮಗನ್ನ ಈ ಕೆಲಸದಾಗಿಂದ ಬಿಡಸು ಅಂತಿದ್ನೋ ಏನೋ, ನನಗ ತಿಳೀಲಿಲ್ಲ” ಎಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ. ಕೆಮ್ಮು ಬರುತ್ತದೆ, ಅದು ಇಳಿಯುವವರೆಗೂ ಕಾಯುತ್ತಾರೆ.

“ಇವಂಗ ಹೇಳೂವಷ್ಟು ಉಸಿರು ನನ್ನಾಗ ಇನ್ನೂ ಐತ್ರಿ. ಇರೂ ತನಕಾ ದಿನಾ ಹೇಳತೀನಿ.”