ಖಚಿತ ಘಟನೆಗೊಂದು ಉದಾಹರಣೆ

ಮಡಂತ್ಯಾರಿನ ನಮ್ಮ ಮನೆಯ ಜಗಲಿಯಲ್ಲಿ ಆ ಮಧ್ಯಾಹ್ನ ನಾವು ಮೂವರಿದ್ದೆವು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಅಮ್ಮ, ಅಂದರೆ ನಮ್ಮ ಉಮ್ಮ, ಗೋಡೆಗೊರಗಿ ಸಂಖ್ಯಾಶಾಸ್ತ್ರದ ಪುಸ್ತಕ ಬಿಡಿಸಿಕೊಂಡಿದ್ದ ಅತ್ತಿಗೆ, ಮತ್ತು ಉಜಿರೆಯಲ್ಲಿ ಬಿಎಸ್ಸಿ ಓದುತ್ತ ರಜೆಗೆ ಬಂದಿದ್ದ ನಾನು. ತೊಂಬತ್ತರ ದಶಕದ ಮಾತು. ಮದುವೆಯಾದ ಸ್ವಲ್ಪ ದಿನಕ್ಕೇ ಅಣ್ಣ ದುಬೈಗೆ ಹೋಗಿದ್ದ.

ಅತ್ತಿಗೆಗೆ ಪಿಯುಸಿಯಲ್ಲಿ ಉಳಿದಿದ್ದದ್ದು ಸಂಖ್ಯಾಶಾಸ್ತ್ರ ಒಂದೇ. ಅದು ಪಾಸಾದರೆ ಟೀಚರ್ ತರಬೇತಿಗೆ ಸೇರಬೇಕೆಂದು ಅವರಿಗೆ ಎಲ್ಲಿಲ್ಲದ ಆಸೆ. ಉಮ್ಮ ಬೇಡವೆಂದಿರಲಿಲ್ಲ, ಷರತ್ತು ಹಾಕಿದ್ದರು: "ಈ ಸಲ ಬರಿ. ಪಾಸಾದರೆ ಹೋಗು. ಇಲ್ಲದಿದ್ದರೆ ಪುಸ್ತಕ ಅಟ್ಟಕ್ಕೆ."

ಮನೆಯೊಳಗೆ ನಮ್ಮದು ಬ್ಯಾರಿ ಮಾತು. ಪಾಠಕ್ಕೆ ಕೂತರೆ ಮಾತ್ರ ಕನ್ನಡ, ಅದೂ ಸಂಭವನೀಯತೆಯ ಪಾಠದ ಕನ್ನಡ. 'ಯಾದೃಚ್ಛಿಕ' ಎಂಬ ಪದಕ್ಕೆ ಅತ್ತಿಗೆಯ ನಾಲಿಗೆ ಹೊರಳುತ್ತಲೇ ಇರಲಿಲ್ಲ. ಅರ್ಥವಾದರೂ ಆಗಲೆಂದು ನಾನು ಬೀಡಿಯನ್ನೇ ಹಿಡಿದೆ.

"ನಮ್ಮ ಬೀಡಿ ತಕ್ಕೊಳ್ಳುವ ಬ್ರ್ಯಾಂಚಿನವನು ರಾಶಿಯಿಂದ ನೋಡದೆ ಒಂದು ಕಟ್ಟು ಎತ್ತಿ ಪರೀಕ್ಷೆ ಮಾಡ್ತಾನಲ್ಲ ಅತ್ತಿಗೆ, ಹಾಗೆ. ಯಾವುದು ಕೈಗೆ ಬರ್ತದೆ ಅಂತ ಮೊದಲೇ ಹೇಳ್ಲಿಕ್ಕೆ ಆಗುವುದಿಲ್ಲ."

"ನೋಡದೆ ಎಲ್ಲಿಂದ ಮಾರಾಯ್ತಿ," ಎಂದರು ಉಮ್ಮ. "ಕಣ್ಣು ಇಷ್ಟಗಲ ಬಿಟ್ಟು ನನ್ನ ಕಟ್ಟನ್ನೇ ಹುಡುಕಿ ಎತ್ತುವುದು ಅವನು."

ಅತ್ತಿಗೆ ನಗು ತಡೆಯಲು ಪುಸ್ತಕ ಮುಖಕ್ಕೆ ಹಿಡಿದರು. ಆಮೇಲೆ ತಾವೇ ಒಂದು ಲೆಕ್ಕ ಹೂಡಿದರು.

"ನನ್ನ ಪರೀಕ್ಷೆಗೆ ಫಲಿತ ಎರಡೇ. ಪಾಸು, ಫೈಲು. ಹಾಗಾದರೆ ಪಾಸಾಗುವ ಸಂಭವನೀಯತೆ ಅರ್ಧ, ಅಲ್ಲವಾ?"

"ಅಲ್ಲ. ನಾಣ್ಯದ ಎರಡು ಮುಖಕ್ಕೆ ಸಮಾನ ಅವಕಾಶ ಉಂಟು, ಹಾಗಾಗಿ ಅರ್ಧ. ಪಾಸು ಫೈಲಿಗೆ ಹಾಗೆ ಇಲ್ಲ. ನೀವು ಓದಿದ ಹಾಗೆ ಅದು ಬದಲಾಗ್ತದೆ."

"ಅರ್ಧ ಪಾಸಾದವಳಿಗೆ ಅರ್ಧ ಶಾಲೆ ಕೊಡ್ತಾರಾ?" ಎಂದು ಉಮ್ಮ ಮೊರದಿಂದ ತಲೆಯೆತ್ತದೆ ಕೇಳಿದರು.

ಬಿಕ್ಕಟ್ಟು ಬಂದದ್ದು ಖಚಿತ ಘಟನೆಯಲ್ಲಿ. ಆಗಿಯೇ ತೀರುವ ಘಟನೆ, ಅದರ ಸಂಭವನೀಯತೆ ಒಂದು. ಉದಾಹರಣೆಯನ್ನು ಅತ್ತಿಗೆ ಗಟ್ಟಿಯಾಗಿ ಓದಿದರು: "ನಾಳೆ ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ."

ಉಮ್ಮನ ಬೆರಳುಗಳು ನಿಂತವು. "ಇನ್‌ಶಾ ಅಲ್ಲಾಹ್ ಅಂತ ಸೇರಿಸು."

"ಉಮ್ಮ, ಇದು ಪರೀಕ್ಷೆಯ ಉತ್ತರ," ಎಂದೆ ನಾನು.

"ಆದರೆ ಏನು? ನಾಳೆಯದು ನಿನ್ನ ಕೈಯಲ್ಲಿ ಉಂಟಾ? ಹುಟ್ಟಿಸಿದವನು ಬೇಡ ಅಂದರೆ ನಿಮ್ಮ ಸೂರ್ಯ ಎಲ್ಲಿಂದ ಬರ್ತಾನೆ?"

ಅತ್ತಿಗೆ ನನ್ನತ್ತ ಬಾಗಿ ಪಿಸುಗುಟ್ಟಿದರು: "ಸೇರಿಸಿದರೆ ಮಾರ್ಕು ಹೋಗ್ತದೆ, ಸೇರಿಸದಿದ್ದರೆ ಉಮ್ಮ ಬಿಡುವುದಿಲ್ಲ. ಒಂದಾದರೆ ಇನ್ನೊಂದು ಆಗುವುದಿಲ್ಲ. ಇದಕ್ಕೆ ಏನೋ ಒಂದು ಹೆಸರು ಉಂಟಲ್ಲ?"

"ಪರಸ್ಪರ ವರ್ಜಕ ಘಟನೆಗಳು."

ಆ ಪದವನ್ನು ಅವರು ಮತ್ತೆಂದೂ ಮರೆಯಲಿಲ್ಲ.

ಉಮ್ಮ ಎಲೆಗೆ ಹೊಗೆಸೊಪ್ಪಿನ ಪುಡಿ ಹರಡಿ, ಸುರುಳಿ ಸುತ್ತಿ, ನೂಲು ಬಿಗಿದ ಮೇಲೆ ಹೇಳಿದರು: "ಮರಣ ಅಂತ ಬರಿ. ಅದು ಅಲ್ಲಾಹನೇ ಹೇಳಿಬಿಟ್ಟದ್ದು. ಅದಕ್ಕೆ ಸೇರಿಸ್ಲಿಕ್ಕೆ ಏನೂ ಇಲ್ಲ."

ಅತ್ತಿಗೆ ಸೂರ್ಯನನ್ನು ಹೊಡೆದುಹಾಕಿ, ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು: 'ಹುಟ್ಟಿದ ಮನುಷ್ಯ ಸಾಯುವುದು.'

ಆ ರಜೆಯಲ್ಲಿ ಕಲಿತಷ್ಟು ನಾನು ಯಾವ ತರಗತಿಯಲ್ಲೂ ಕಲಿಯಲಿಲ್ಲ. ಎಲ್ಲಿಯಾದರೂ ಹೊಗೆಸೊಪ್ಪಿನ ಘಾಟು ಮೂಗಿಗೆ ಬಂದರೆ ಈಗಲೂ ನನಗೆ ಮೊದಲು ನೆನಪಾಗುವುದು ಆ ಲೆಕ್ಕಗಳ ದಾಳಗಳು, ಕೆಂಪು ಚೆಂಡು ಕಪ್ಪು ಚೆಂಡುಗಳ ಚೀಲಗಳು, ಮತ್ತು ಒಂದೊಂದು ಚೀಲಕ್ಕೂ ಉಮ್ಮ ತೆಗೆಯುತ್ತಿದ್ದ ತಕರಾರು.

ಬೆಳ್ತಂಗಡಿಯಲ್ಲಿ ಪರೀಕ್ಷೆ ಬರೆದು ಅತ್ತಿಗೆ ಸಂಜೆ ಅಂಗಳಕ್ಕೆ ಕಾಲಿಡುವಾಗಲೇ ಉಮ್ಮ ಜಗಲಿಯಿಂದ ಕೇಳಿದರು: "ಮರಣ ಬಂತಾ?"

"ಬಂತು ಉಮ್ಮ. ಎರಡು ಮಾರ್ಕಿಗೆ."

ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ನೆರೆಮನೆಯಾಕೆ ಗಾಬರಿಯಿಂದ ಓಡಿ ಬಂದರು. ಅವರಿಗೆ ವಿಷಯ ತಿಳಿಸಿ, ಚಹಾ ಕುಡಿಸಿ ಕಳಿಸಬೇಕಾಯಿತು.

ಅತ್ತಿಗೆ ಪಾಸಾದರು. ಮುಂದಿನ ಮಳೆಗಾಲ ಶುರುವಾಗುವಾಗ ಅವರಿಗೆ ಮೂಡಬಿದಿರೆಯಲ್ಲಿ ತರಬೇತಿಗೆ ಸೀಟು ಸಿಕ್ಕಿತು. ಮೊದಲ ದಿನ ಉಮ್ಮ ಬೀಡಿಗೆ ರಜೆ ಹಾಕಿ, ಬುರ್ಖಾ ತೊಟ್ಟು, ಸೊಸೆಯ ಜೊತೆ ಬಸ್ಸು ಹತ್ತಿದರು. ಅವರನ್ನು ತರಗತಿಯ ಬಾಗಿಲವರೆಗೆ ಬಿಟ್ಟು, ಮಧ್ಯಾಹ್ನದ ಬಸ್ಸಿಗೆ ಒಬ್ಬರೇ ಹಿಂದೆ ಬಂದರು.