ಲಾಟ್ವಿಯಾ ತಂಡದ ಪಟ್ಟಿಯಲ್ಲಿಲ್ಲದ ಹೆಸರು

ಕಳೆದ ವಾರ ಪಲಾವಿಗೆಂದು ಶಾಜೀರಿಗೆಯ ಹೊಸ ಪೊಟ್ಟಣ ಒಡೆದೆ. ನಮ್ಮವರು ಮೈಸೂರಿನವರು, ಅಡುಗೆಮನೆಗೆ ಬರುವುದು ಕಾಫಿಗೆ ಮತ್ತು ಅನುಮಾನ ವ್ಯಕ್ತಪಡಿಸುವುದಕ್ಕೆ. "ಇದೇನು ಜೀರಿಗೆ ಇಷ್ಟು ಕಪ್ಪಗಿದೆ? ಎಕ್ಸ್‌ಪೈರ್ ಆಗಿದ್ಯಾ ನೋಡು," ಎಂದರು. ನಾನು ಪೊಟ್ಟಣದ ಬಾಯಿಗೆ ಮೂಗಿಟ್ಟು ನಿಂತುಬಿಟ್ಟಿದ್ದೆ. ಅಮೆರಿಕದ ಆಲ್ಡಿ ಊರಿನ ಈ ಹೊಸ ಮನೆ, ಇನ್ನೂ ಬಣ್ಣದ ವಾಸನೆ ಬಿಡದ ಗೋಡೆಗಳು, ಎಲ್ಲವೂ ಸರಿದು ಹೋಗಿ, ನದಿಯಾಚೆಯ ಗೈದರ್ಸ್‌ಬರ್ಗ್‌ನ ಒಂದು ಟೌನ್‌ಹೌಸಿನ ಹಾಲ್‌ನಲ್ಲಿ ನಾನು ನಿಂತಿದ್ದೆ. ಆ ಮನೆಯ ಬಾಗಿಲು ತೆರೆದರೆ ಮೊದಲು ಎದುರಾಗುತ್ತಿದ್ದದ್ದು ಇದೇ ಪರಿಮಳ. ಲಾಟ್ವಿಯಾದವರು ತಮ್ಮ ಚೀಸಿಗೆ ಈ ಕಾಳನ್ನು ಹಾಕುತ್ತಾರೆ. ಗಿಣ್ಣದ ಗಡ್ಡೆಗೆ ಯಾರೋ ಮರೆತು ಒಗ್ಗರಣೆ ಹಾಕಿದಂತಿರುತ್ತದೆ. ಮೊದಲ ಸಲ ತಿನ್ನುವಾಗ ಮುಖ ಸಿಂಡರಿಸದಿರಲು ನಾನು ಪಟ್ಟ ಪಾಡು ನನಗೇ ಗೊತ್ತು.

ನಾನು ಫಿಸಿಯೋಥೆರಪಿಸ್ಟ್. ಮನೆಮನೆಗೆ ಹೋಗಿ, ಬಿದ್ದು ಮೂಳೆ ಮುರಿದುಕೊಂಡ ಹಿರಿಯರನ್ನು ಮತ್ತೆ ನಡೆಸುವುದು ನನ್ನ ಕೆಲಸ. 2023ರ ಬೇಸಿಗೆಯಲ್ಲಿ ನನಗೆ ಸಿಕ್ಕ ಪೇಷೆಂಟ್ ಆ ಟೌನ್‌ಹೌಸಿನ ಅರ್ವಿಡ್ಸ್, ಮೂಲತಃ ಲಾಟ್ವಿಯಾದವರು. ಎಂಬತ್ತು ದಾಟಿ ಎಷ್ಟೋ ವರ್ಷ ಆಗಿತ್ತು. ಫೆಡರಲ್ ಲ್ಯಾಬ್ ಒಂದರಲ್ಲಿ ಜೀವಮಾನವೆಲ್ಲ ಅಳತೆಯ ಉಪಕರಣಗಳನ್ನು ಪರೀಕ್ಷಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ತೋಟದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಚೆನ್ನಾಗಿಯೇ ಆಗಿತ್ತು, ಆದರೆ ಅವರು ಕುರ್ಚಿ ಬಿಟ್ಟು ಏಳಲೊಲ್ಲರು. ಮಲಗುವ ಕೋಣೆ ಮಹಡಿಯ ಮೇಲೆ. ಮಧ್ಯೆ ಹದಿಮೂರು ಮೆಟ್ಟಿಲು. ದೂರದ ಷಾರ್ಲಟ್ ಊರಿನ ಬ್ಯಾಲಂಟೈನ್‌ನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದ ಮಗಳು ಮಾರಾ ನನಗೆ ಫೋನ್ ಮಾಡಿ ಸ್ಪಷ್ಟವಾಗಿ ಹೇಳಿದ್ದರು: ಸೆಪ್ಟೆಂಬರ್ ಮುಗಿಯುವುದರೊಳಗೆ ಅಪ್ಪ ಮೆಟ್ಟಿಲು ಹತ್ತದಿದ್ದರೆ ಮನೆ ಮಾರಿ ಅವರನ್ನು ತಮ್ಮ ಬಳಿಗೆ ಕರೆದೊಯ್ಯುವುದೇ ಸರಿ. ಅರ್ವಿಡ್ಸರಿಗೆ ಆ ಮನೆ ಬಿಡಲು ಸುತರಾಂ ಇಷ್ಟವಿರಲಿಲ್ಲ. ಆದರೆ ಕಾಲೆತ್ತಲೂ ಇಷ್ಟವಿರಲಿಲ್ಲ. ಇಂಥವರನ್ನು ನೀವೂ ನೋಡಿರುತ್ತೀರಿ.

ಮೊದಲೆರಡು ದಿನ ನಾನು ಗೋಡೆಗೆ ಮಾತಾಡಿದಂತಾಯಿತು. ಮೂರನೆಯ ದಿನ ಮೂಲೆಯಲ್ಲೊಂದು ಹಳೆಯ ಬ್ಯಾಸ್ಕೆಟ್‌ಬಾಲ್ ಕಂಡಿತು. ಅದನ್ನೆತ್ತಿಕೊಂಡು, "ನಾನೂ ಆಡ್ತಿದ್ದೆ. ಧಾರವಾಡದಲ್ಲಿ, ಕಾಲೇಜ್ ಟೀಮಿಗೆ," ಎಂದುಬಿಟ್ಟೆ.

ಇದು ಪೂರ್ತಿ ಸುಳ್ಳಲ್ಲ. ತಂಡದ ಜೊತೆ ನಾನು ಬಸ್ಸಿನಲ್ಲಿ ಹೋಗಿದ್ದು ನಿಜ, ಬೆಂಚಿನ ಮೇಲೆ ಕೂತಿದ್ದೂ ನಿಜ. ಆಡಿದ್ದೊಂದೇ ಆಗಿರಲಿಲ್ಲ. ಅಂಕಣದೊಳಗೆ ನಾನು ಕಾಲಿಟ್ಟದ್ದು ಚೆಲ್ಲಿದ ನೀರು ಒರೆಸಲು. ಆದರೆ ಅರ್ವಿಡ್ಸರ ನೀಲಿ ಕಣ್ಣು ನನ್ನತ್ತ ತಿರುಗಿತು. "ಯುರೋಪಿನ ಮೊಟ್ಟಮೊದಲ ಚಾಂಪಿಯನ್ ಯಾರು, ಹೇಳಿ ನೋಡೋಣ?" ಎಂದರು.

ನನಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಲಾಟ್ವಿಯಾ ಎಲ್ಲಿದೆ ಎಂಬುದೂ ಸರಿಯಾಗಿ ಗೊತ್ತಿರಲಿಲ್ಲ.

"ಎದ್ದು ನಿಂತರೆ ಕೇಳ್ತೀನಿ," ಎಂದೆ. ಅವರು ಎದ್ದು ನಿಂತರು!

ಅಂದಿನಿಂದ ನಮ್ಮಿಬ್ಬರ ನಡುವೆ ಹೀಗೊಂದು ಒಪ್ಪಂದವಾಯಿತು: ಅವರು ಹೆಜ್ಜೆ ಹಾಕಬೇಕು, ನಾನು ಕೇಳಬೇಕು. ವಾಕರ್ ಹಿಡಿದು ಹಾಲ್‌ನ ಈ ತುದಿಯಿಂದ ಆ ತುದಿಗೆ ನಡೆಯುತ್ತ ಅವರು 1935ರ ಜಿನೀವಾಕ್ಕೆ ಹೋಗುತ್ತಿದ್ದರು. ಪುಟ್ಟ ದೇಶ ಲಾಟ್ವಿಯಾ, ಕೈಯಲ್ಲಿ ಕಾಸಿಲ್ಲದ ತಂಡ. ಫೈನಲ್‌ನಲ್ಲಿ ಸ್ಪೇನನ್ನು ಸೋಲಿಸಿ ಯುರೋಪಿಗೇ ಮೊದಲ ಚಾಂಪಿಯನ್ ಆಯಿತು. ಎರಡು ವರ್ಷಕ್ಕೆ ಪಂದ್ಯಗಳು ಅವರದೇ ಊರಾದ ರಿಗಾದಲ್ಲಿ ನಡೆದವು. ಮನೆಯಂಗಳದಲ್ಲೇ ಮಾನ ಹೋಯಿತು, ಗೆದ್ದದ್ದು ಪಕ್ಕದ ಲಿಥುವೇನಿಯಾ. "ನೆರೆಮನೆಯವನು ಗೆಲ್ಲುವುದಕ್ಕಿಂತ ನಾವು ಸೋಲುವುದೇ ವಾಸಿ," ಎಂದು ಅರ್ವಿಡ್ಸ್ ನಿಂತು ಉಸಿರು ತೆಗೆದುಕೊಂಡರು, "ಅವತ್ತು ಎರಡೂ ಆಯಿತು." 1939ರಲ್ಲಿ ಮತ್ತೆ ಅದೇ ಲಿಥುವೇನಿಯಾದ ಎದುರು, ಒಂದೇ ಒಂದು ಅಂಕದಿಂದ ಸೋಲು. ಆಮೇಲೆ ಯುದ್ಧ ಬಂತು. ತಂಡ ಹೋಗಲಿ, ದೇಶವೇ ಇಲ್ಲವಾಯಿತು, ಸೋವಿಯತ್ ಒಕ್ಕೂಟ ನುಂಗಿತು.

"ಆ ಮೊದಲ ತಂಡದಲ್ಲಿ ನನ್ನ ಅಪ್ಪ ಇದ್ದ," ಎಂದು ಅವರು ಹೇಳಿದ್ದು ಎರಡನೆಯ ವಾರದಲ್ಲಿ. ಅಪ್ಪ ಎಷ್ಟು ಎತ್ತರ ನೆಗೆಯುತ್ತಿದ್ದ, ಬಾಗಿಲಿನ ಮೇಲ್ಪಟ್ಟಿಯನ್ನು ಮೊಣಕೈಯಿಂದ ಹೇಗೆ ಮುಟ್ಟುತ್ತಿದ್ದ ಎಂದೆಲ್ಲ ಹೇಳುವಾಗ ವಾಕರ್ ಇರುವುದನ್ನೇ ಮರೆಯುತ್ತಿದ್ದರು. ಅಪ್ಪ ಯುದ್ಧಕ್ಕೆ ಹೋದವನು ಮರಳಲಿಲ್ಲ. ಒಂದು ಫೋಟೋ ಕೂಡ ಉಳಿಯಲಿಲ್ಲ. ಎಂಟು ವರ್ಷದ ಅರ್ವಿಡ್ಸರನ್ನು ಕರೆದುಕೊಂಡು ತಾಯಿ ಹಡಗಿನಲ್ಲಿ ಜರ್ಮನಿಗೆ ಓಡಿಬಂದಳು. ನಿರಾಶ್ರಿತರ ಶಿಬಿರದಲ್ಲಿ ಐದು ವರ್ಷ. ಅಲ್ಲೂ ಅವರ ಜನ ಪೀಪಾಯಿಯ ಕಬ್ಬಿಣದ ಬಳೆಯನ್ನು ಕಂಬಕ್ಕೆ ಜಡಿದು ಆಡುತ್ತಿದ್ದರಂತೆ. ಆಮೇಲೆ ಅಮೆರಿಕ. ಸೋವಿಯತ್ ಕಾಲದಲ್ಲಿ ಲಾಟ್ವಿಯಾದ ಆಟಗಾರರು ಬೇರೆ ಅಂಗಿ ತೊಟ್ಟು ಪದಕ ಗೆದ್ದರು. ಇವರು ಇಲ್ಲಿ ಕೂತು ಅಂಗಿಯ ಮೇಲೆ ಸಿಟ್ಟು, ಆಟಗಾರರ ಮೇಲೆ ಹೆಮ್ಮೆ ಎರಡನ್ನೂ ಒಟ್ಟಿಗೆ ಪಟ್ಟರು. ದೇಶ ಮತ್ತೆ ಸ್ವತಂತ್ರವಾಗಿ ಮೂವತ್ತು ವರ್ಷ ಕಳೆದ ಮೇಲೆ, ಅದೇ 2023ರ ಆಗಸ್ಟ್ ಕೊನೆಗೆ, ಲಾಟ್ವಿಯಾ ಮೊದಲ ಬಾರಿ ವಿಶ್ವಕಪ್ ಆಡಲಿತ್ತು.

ಇದನ್ನೆಲ್ಲ ನಾನು ದಿನಾ ಊಟದ ಹೊತ್ತಿಗೆ ಮನೆಯಲ್ಲಿ ಬಡಿಸುತ್ತಿದ್ದೆ. ಒಂದು ಸಂಜೆ ನಮ್ಮ ಮಗಳು ಪೂರ್ವಿ ಫೋನಿನಲ್ಲಿ ಹುಡುಕಿ, "ಅಮ್ಮ, ಫಸ್ಟ್ ಟೀಮ್ ಲಿಸ್ಟ್ ಇದೆ. ಅವ್ರ ಡ್ಯಾಡ್ ನೇಮ್ ಇಲ್ಲ," ಎಂದಳು.

"ಸರಿಯಾಗಿ ನೋಡವಾ."

"ಐ ಚೆಕ್ಡ್ ಟ್ವೈಸ್. ಹೀ ಈಸ್ ನಾಟ್ ದೇರ್."

"ಬಿಡು, ವಯಸ್ಸಾದೋರು ಏನೋ ಹೇಳ್ತಾರೆ," ಎಂದರು ನಮ್ಮವರು. ಅವರ ಮಾತು ಕೇಳಬೇಕಿತ್ತು. ವರ್ಷಕ್ಕೊಮ್ಮೆ ಸರಿಯಾದ ಮಾತಾಡುವವರ ತೊಂದರೆ ಇದು, ಆ ದಿನ ಯಾರೂ ಗಮನ ಕೊಟ್ಟಿರುವುದಿಲ್ಲ.

ಮರುದಿನ ಅರ್ವಿಡ್ಸ್ ಮೊದಲ ಮೆಟ್ಟಿಲ ಮೇಲೆ ಕಾಲಿಡುವುದನ್ನು ಅಭ್ಯಾಸ ಮಾಡುತ್ತಿದ್ದರು. ಮತ್ತೆ ಅಪ್ಪನ ಮಾತು ಬಂತು. ನಾನು, ತಪ್ಪು ತಿದ್ದುವ ಮೇಷ್ಟ್ರ ಮಗಳು, ಬಾಯಿ ಬಿಟ್ಟೆ. "ಆ ತಂಡದ ಪಟ್ಟಿ ನೋಡಿದೆ. ನಿಮ್ಮ ತಂದೆಯ ಹೆಸರು ಇರಲಿಲ್ಲವಲ್ಲ?"

ಅವರು ಕಾಲನ್ನು ಮೆಟ್ಟಿಲಿನಿಂದ ಕೆಳಗಿಟ್ಟರು. ತಿರುಗಿ ಕುರ್ಚಿಗೆ ಹೋಗಿ ಕೂತರು. "ಇವತ್ತಿಗೆ ಸಾಕು," ಎಂದರು.

ಆಮೇಲೆ ಎರಡು ವಾರ ಅವರು ನನ್ನ ಜೊತೆ ಮಾತಾಡಲಿಲ್ಲ. ಹೇಳಿದಷ್ಟು ಸಲ ಮಂಡಿ ಮಡಚುವರು, ಚಾಚುವರು. ಮೆಟ್ಟಿಲ ಹತ್ತಿರ ಮಾತ್ರ ಬರಲೊಲ್ಲರು. ಹೊಟ್ಟೆ ಉರಿಯುವ ಸಂಗತಿಯೆಂದರೆ ಅದೇ ಎರಡು ವಾರದಲ್ಲಿ ಲಾಟ್ವಿಯಾ ಒಂದಾದ ಮೇಲೊಂದು ದೊಡ್ಡ ತಂಡವನ್ನು ಸೋಲಿಸುತ್ತಿತ್ತು. ಭಾನುವಾರ ಬೆಳಿಗ್ಗೆ ನಾನು ದೋಸೆ ಹುಯ್ಯುವುದು ಬಿಟ್ಟು ಲ್ಯಾಪ್‌ಟಾಪ್ ಮುಂದೆ ನಿಂತು ನೋಡಿದೆ; ಹಿಂದೆ ಬಿದ್ದವರು ಎದ್ದು ಬಂದು ಫ್ರಾನ್ಸನ್ನು ಎರಡು ಅಂಕದಿಂದ ಸೋಲಿಸಿದರು. ನಾನು ಕೂಗಿದ ಕೂಗಿಗೆ ದೋಸೆ ಸೀದದ್ದು ಯಾರಿಗೂ ತಿಳಿಯಲಿಲ್ಲ. ಸೋಮವಾರ ಓಡೋಡಿ ಹೋಗಿ, "ಕಂಗ್ರಾಟ್ಸ್! ನೋಡಿದ್ರಾ?" ಎಂದರೆ ಅರ್ವಿಡ್ಸ್ "ಥ್ಯಾಂಕ್ ಯೂ" ಎಂದು ಕಿಟಕಿಯತ್ತ ತಿರುಗಿದರು. ಹಾಲಿ ವಿಶ್ವ ಚಾಂಪಿಯನ್ ಸ್ಪೇನ್ ಸೋತಿತು, ಅದೇ ಸ್ಪೇನ್! ಅದಕ್ಕೂ "ಥ್ಯಾಂಕ್ ಯೂ." ಮಾರಾ ಫೋನ್ ಮಾಡಿ, "ಮೆಟ್ಟಿಲು ಎಲ್ಲಿಗೆ ಬಂತು?" ಎಂದು ಕೇಳಿದರು. "ಒಂದು," ಎಂದೆ. ಒಬ್ಬ ಮನುಷ್ಯನನ್ನು ಅವನ ಮನೆಯಿಂದ ಎಬ್ಬಿಸಲು ನನ್ನ ಒಂದು ವಾಕ್ಯ ಸಾಕಾಯಿತಲ್ಲ ಎಂದು ಕಾರಿನಲ್ಲಿ ಕೂತು ಅತ್ತೆ.

ಕ್ವಾರ್ಟರ್ ಫೈನಲ್ ಜರ್ಮನಿಯ ಮೇಲೆ. ಪಂದ್ಯ ಫಿಲಿಪೈನ್ಸಿನಲ್ಲಿ, ನಮಗಿಲ್ಲಿ ಮುಂಜಾನೆ. ಎರಡು ಅಂಕದಿಂದ ಸೋತರು. ಕೊನೆಯ ಕ್ಷಣದ ಎಸೆತ ಬುಟ್ಟಿಯ ಬಳೆಗೆ ಬಡಿದು ಹೊರಗೆ ಹೋಯಿತು. ಎಂಟು ಗಂಟೆಗೆ ನಾನು ಅಳುಕುತ್ತಲೇ ಬಾಗಿಲು ತಟ್ಟಿದೆ. "ತೆರೆದಿದೆ," ಎಂಬ ದನಿ ಬಂತು. ಒಳಗೆ ಹೋದರೆ ಕುರ್ಚಿ ಖಾಲಿ! ಅರ್ವಿಡ್ಸ್ ನಾಲ್ಕನೆಯ ಮೆಟ್ಟಿಲ ಮೇಲೆ ಕೂತಿದ್ದರು.

"ಎರಡು ಅಂಕ," ಎಂದರು.

"ನೋಡಿದೆ."

"ಕೂತುಕೊಳ್ಳಿ."

ನಾನು ಎರಡನೆಯ ಮೆಟ್ಟಿಲ ಮೇಲೆ ಕೂತೆ. ಅವರು ಹೇಳಿದರು. "ನನ್ನ ಅಪ್ಪ ರಿಗಾದಲ್ಲಿ ಟ್ರಾಮ್ ಕಂಡಕ್ಟರ್. ಪಟ್ಟಿಯಲ್ಲಿ ಹೆಸರಿಲ್ಲ ಅಂತ ನನಗೆ ಹತ್ತೊಂಬತ್ತನೇ ವಯಸ್ಸಿನಿಂದ ಗೊತ್ತು. ಲೈಬ್ರರಿಯಲ್ಲಿ ಒಂದು ಪುಸ್ತಕ ಸಿಕ್ಕಿತ್ತು."

"ಮತ್ತೆ..."

"ಶಿಬಿರದಲ್ಲಿ ನಾನು ಊಟ ಬಿಟ್ಟಿದ್ದೆ. ಆಗ ಅಮ್ಮ ಹೇಳಿದಳು, ನಿನ್ನ ಅಪ್ಪ ಯುರೋಪನ್ನು ಗೆದ್ದವನು, ಎದ್ದು ತಿನ್ನು ಅಂತ. ದಿನಕ್ಕೊಂದು ಪಂದ್ಯ ಹೇಳ್ತಿದ್ದಳು. ಅಪ್ಪ ಹೀಗೆ ನೆಗೆದ, ಹಾಗೆ ಎಸೆದ. ನಾನು ತಿಂದೆ. ಆ ಪುಸ್ತಕ ನೋಡಿದ ದಿನ ಕೇಳಬೇಕು ಅಂತಲೇ ಮನೆಗೆ ಹೋದೆ. ಆಕೆ ಹೊಲಿಗೆ ಕಾರ್ಖಾನೆಯಿಂದ ಬಂದು ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಕೇಳಲಿಲ್ಲ. ಆಮೇಲೂ ಕೇಳಲಿಲ್ಲ. ಜೀವನವೆಲ್ಲ ಕೂದಲೆಳೆಯ ದಪ್ಪ ಅಳೆದವನು ನಾನು. ಅದೊಂದನ್ನು ಅಳೆಯಲಿಲ್ಲ." ಅವರು ನನ್ನ ಕಡೆ ನೋಡಿದರು. "ನಾನು ನಿಮಗೆ ಹೇಳಿದ್ದು ಅಪ್ಪನ ಕತೆ ಅಲ್ಲ, ಅಮ್ಮನ ಕತೆ. ಹಾಗಂತ ಹೇಳದೇ ಇದ್ದದ್ದು ನನ್ನ ತಪ್ಪು."

"ನಾನೂ ಒಂದು ಹೇಳಬೇಕು," ಎಂದೆ. "ಧಾರವಾಡದಲ್ಲಿ ನಾನು ಒಂದು ಪಂದ್ಯವನ್ನೂ ಆಡಿಲ್ಲ. ಬರೀ ಬೆಂಚು."

ಅರ್ವಿಡ್ಸ್ ನಕ್ಕರು. ಎರಡು ವಾರದಲ್ಲಿ ಮೊದಲ ನಗು. "ಗೊತ್ತಿತ್ತು. ಮೊದಲ ದಿನ ನೀವು ಆ ಚೆಂಡನ್ನು ಕುಂಬಳಕಾಯಿ ಎತ್ತಿಕೊಂಡ ಹಾಗೆ ಎತ್ತಿಕೊಂಡಿರಿ."

"ಮತ್ತೆ ಯಾಕೆ ಸುಮ್ಮನಿದ್ದಿರಿ?"

"ಕೇಳುವವರು ಬೇಕಿತ್ತು," ಎಂದರು.

ಐದನೆಯ ಸ್ಥಾನಕ್ಕೆ ಕೊನೆಯ ಪಂದ್ಯ ಶನಿವಾರ ಬೆಳಿಗ್ಗೆ. ಎದುರಾಳಿ ಯಾರು ಗೊತ್ತೇ? ಲಿಥುವೇನಿಯಾ! ಅದೇ ವಾರ ಅಮೆರಿಕವನ್ನು ಸೋಲಿಸಿ ಬಂದ ತಂಡ. ನನಗೆ ಡ್ಯೂಟಿ ಇರಲಿಲ್ಲ. ಅರ್ವಿಡ್ಸ್ ಕರೆದಿದ್ದರಿಂದ ಮೂವರೂ ಹೋದೆವು. ನಾನು ಉಪ್ಪಿಟ್ಟು ಒಯ್ದಿದ್ದೆ, ಅವರು ಚೀಸ್ ಕತ್ತರಿಸಿ ಇಟ್ಟಿದ್ದರು. ನಮ್ಮವರು ಎರಡನ್ನೂ ಒಟ್ಟಿಗೆ ತಿಂದು, "ಚೆನ್ನಾಗಿ ಸೆಟ್ ಆಗತ್ತೆ ಕಣೇ," ಎಂದದ್ದು ನನಗೆ ಇಂದಿಗೂ ಒಗಟು.

ಪಂದ್ಯಕ್ಕೆ ಹತ್ತು ನಿಮಿಷವಿತ್ತು. ಅರ್ವಿಡ್ಸ್ ವಾಕರನ್ನು ಪಕ್ಕಕ್ಕೆ ಸರಿಸಿ ಮೆಟ್ಟಿಲ ಕಡೆ ನಡೆದರು. ನಾನು ಎದ್ದೆ. "ಹಿಂದೆ ಇರಿ, ಹಿಡಿಯಬೇಡಿ," ಎಂದರು. ಒಂದೊಂದೇ ಮೆಟ್ಟಿಲು, ಒಳ್ಳೆಯ ಕಾಲು ಮೊದಲು, ನಾನು ಹೇಳಿಕೊಟ್ಟ ಹಾಗೆಯೇ. ಕೆಳಗಿನಿಂದ ಪೂರ್ವಿ ಮೆತ್ತಗೆ ಎಣಿಸುತ್ತಿದ್ದಳು. ಹದಿಮೂರಾದ ಮೇಲೆ ಅವರು ಕೋಣೆಯೊಳಗೆ ಹೋದರು. ಹೊರಗೆ ಬಂದಾಗ ಕಂಕುಳಲ್ಲಿ ಒಂದು ಫ್ರೇಮ್ ಇತ್ತು. ಇಳಿಯುವಾಗ ಕಂಬಿಗೆ ಒಂದೇ ಕೈ. ನಾನು ಒಂದು ಮೆಟ್ಟಿಲು ಕೆಳಗೆ, ಕೈ ಚಾಚಿಕೊಂಡೇ ಇಳಿದೆ. ಕೆಳಗೆ ಬಂದು ಅದನ್ನು ಟೀವಿಯ ಎದುರಿನ ಸೋಫಾದ ಮೇಲೆ ಒರಗಿಸಿದರು. ತಲೆಗೆ ಬಟ್ಟೆ ಕಟ್ಟಿದ, ನಗದ, ಅಗಲ ಮುಖದ ಹೆಂಗಸು.

"ಆಕೆ ಒಂದು ಪಂದ್ಯವನ್ನೂ ನೋಡಿರಲಿಲ್ಲ," ಎಂದರು. "ಎಲ್ಲ ತಾನೇ ಕಟ್ಟಿ ಹೇಳಿದ್ದು."

ಲಾಟ್ವಿಯಾ ಮೂವತ್ತಕ್ಕೂ ಹೆಚ್ಚು ಅಂಕದಿಂದ ಗೆದ್ದಿತು. ಅರ್ಧಕ್ಕೇ ಪಂದ್ಯದ ಸ್ವಾರಸ್ಯ ಹೋಗಿತ್ತು ಎಂದು ಆಟ ಬಲ್ಲವರು ಹೇಳಬಹುದು. ಅರ್ವಿಡ್ಸ್ ಮಾತ್ರ ಕೊನೆಯ ಸೆಕೆಂಡಿನವರೆಗೆ, ಒಂದು ಅಂಕದ ಅಂತರವಿದೆಯೇನೋ ಎಂಬಂತೆ, ಎರಡೂ ಕೈ ಬಿಗಿಹಿಡಿದು ಕೂತಿದ್ದರು. ಮುಗಿದ ಮೇಲೆ ಆ ಫ್ರೇಮಿನ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಅಂದರು. ಅರ್ಥ ನಾವು ಕೇಳಲಿಲ್ಲ.

ಅವರು ಇನ್ನೂ ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಮನೆಯಲ್ಲೇ, ಮಹಡಿಯ ಮೇಲೆಯೇ ಮಲಗಿದರು. ಆಮೇಲೆ ತಾವಾಗಿಯೇ, ಯಾರೂ ಒತ್ತಾಯಿಸದೆ, ಬ್ಯಾಲಂಟೈನ್‌ಗೆ ಹೋದರು. ಅಷ್ಟರಲ್ಲಿ ನಾವೂ ಆಲ್ಡಿಗೆ ಬಂದಿದ್ದೆವು. ಅವರು ತೀರಿಕೊಂಡ ಸುದ್ದಿಯನ್ನು ಮಾರಾ ಫೋನಿನಲ್ಲಿ ಹೇಳಿದರು. ಆ ವರ್ಷ ಯುರೋಪಿನ ಪಂದ್ಯಗಳು ರಿಗಾದಲ್ಲಿ ನಡೆದವು. ಲಿಥುವೇನಿಯಾ ಮತ್ತೆ ಲಾಟ್ವಿಯಾವನ್ನು ಅದರ ಮನೆಯಂಗಳದಲ್ಲೇ ಸೋಲಿಸಿತು. ಅದನ್ನು ನೋಡಲು ಅವರಿಲ್ಲದಿದ್ದದ್ದು ಒಳ್ಳೆಯದಾಯಿತೋ ಏನೋ.

ಕಳೆದ ವಾರ ಆ ಪಲಾವ್ ತಿನ್ನುತ್ತ ಪೂರ್ವಿ ಇದ್ದಕ್ಕಿದ್ದಂತೆ ನನ್ನ ಅಪ್ಪನ ಬಗ್ಗೆ ಕೇಳಿದಳು. ಅವಳು ಹುಟ್ಟುವ ಮೊದಲೇ ಹೋದವರು. ನಾನು ಹೇಳಿದೆ: ಪರೀಕ್ಷೆಯ ದಿನ ಮಲಪ್ರಭೆಗೆ ಪ್ರವಾಹ ಬಂದಿತ್ತು. ನಿಮ್ಮಜ್ಜ ಪುಸ್ತಕ ತಲೆಗೆ ಕಟ್ಟಿಕೊಂಡು ಈಜಿ ಆಚೆ ದಡಕ್ಕೆ ಹೋದರು.

"ಅಮ್ಮ, ಈಸ್ ದಟ್ ಟ್ರೂ?"

ಈ ಪ್ರಶ್ನೆಗೆ ಮೊದಲಾದರೆ ಆಣೆ ಮಾಡಿ ಹೌದೆನ್ನುತ್ತಿದ್ದೆ, ಇಲ್ಲವೇ ಊರಿಗೆ ಫೋನ್ ಹಚ್ಚಿ ಯಾವ ವರ್ಷ ಪ್ರವಾಹ ಬಂದಿತ್ತು ಎಂದು ವಿಚಾರಿಸುತ್ತಿದ್ದೆ.

"ನನಗ ಗೊತ್ತಿಲ್ಲವಾ," ಎಂದೆ. "ನಮ್ಮವ್ವ ಹಂಗ ಹೇಳ್ತಿದ್ಲು."

ಫೋನು ಪೂರ್ವಿಯ ಪಕ್ಕದಲ್ಲೇ ಇತ್ತು, ಅವಳು ಅದನ್ನು ಮುಟ್ಟಲಿಲ್ಲ.

"ಓಕೆ," ಎಂದಳು. "ಆಮೇಲೆ? ಅಜ್ಜ ಪಾಸ್ ಆದ್ರಾ?"