ಚಿಕ್ಕಣ್ಣನವರ ಕೋವಿ

ಕುರುಬರಹಳ್ಳಿಯ ಮನೆ ಓನರ್ ಚಿಕ್ಕಣ್ಣನವರಿಗೆ ಭಾನುವಾರವೆಂದರೆ, ಅಜ್ಜ ಹೊಲ ಕಾಯುತ್ತಿದ್ದ ಕೋವಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಮರದ ಹಿಡಿಯಲ್ಲಿ ಸವೆದುಹೋದ ಸ್ಕ್ರೂ ತೂತನ್ನು ರಿಪೇರಿ ಮಾಡುವ ದಿನ. ಬೆಂಕಿಕಡ್ಡಿ ಸೀಳಿ, ಗೋಂದು ಹಚ್ಚಿ ತೂತಿಗೆ ತುರುಕಿ, ಸ್ಕ್ರೂ ಬಿಗಿದು, "ಇನ್ನು ನೂರು ವರ್ಷ ಅಲ್ಲಾಡಲ್ಲ" ಅನ್ನುತ್ತಾರೆ. ಮುಂದಿನ ಭಾನುವಾರಕ್ಕೆ ಅದು ಮತ್ತೆ ಲೊಡಲೊಡ. "ನನ್ನ ಮಂಡಿಗೂ ಒಂದು ಕಡ್ಡಿ ತುರುಕ್ರೀ" ಎಂದು ಹೆಂಡತಿ ಮುನಿಲಕ್ಷ್ಮಮ್ಮ ಒಳಗಿನಿಂದ ರೇಗಿಸುತ್ತಾರೆ. ಮಹಡಿಯಲ್ಲಿ ಬಾಡಿಗೆಗಿರುವ ಕುಸುಮಾಗೆ ಮಾತ್ರ ನಗು ಬರುವುದಿಲ್ಲ. ಮೆಟ್ಟಿಲಿಳಿಯಲು ಕಲಿತ ಮಗಳು ಸದಾ ಆ ಕೋವಿಯತ್ತಲೇ ಓಡುತ್ತಾಳೆ. ಅವಳ ಹಿಂದೆ ಓಡಿ ಓಡಿ ಸಾಕಾಗಿ ಕುಸುಮಾ ಒಂದು ದಿನ ಕೇಳಿಯೇಬಿಟ್ಟಳು: "ಅಂಕಲ್, ಇದನ್ನ ಸ್ಟೇಷನ್‌ಗೆ ಒಪ್ಪಿಸಿಬಿಡಬಾರ್ದಾ?" ಚಿಕ್ಕಣ್ಣನವರು ತಲೆಯೆತ್ತಲಿಲ್ಲ. "ಗುಂಡು ಹಾರ್ಸೋ ಪಿನ್ನು ನಿನ್ ಮಗಳು ಅಂಬೆಗಾಲಿಟ್ಟ ದಿನಾನೇ ಹಾಳುಬಾವಿ ಸೇರ್ತು ಕಣಮ್ಮಾ. ಆಯುಧಪೂಜೆ ದಿನ ಇದು ನೆಟ್ಟಗೆ ನಿಂತ್ಕೊಂಡ್ರೆ ಸಾಕು ನಂಗೆ."